ಓದಿದ್ದು ಮರೆತರೆ ಕೊರಗಬೇಡ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಕಾದಂಬರಿ ಮುಗಿಸಿ ಆರು ತಿಂಗಳಾಗುವುದರೊಳಗೆ ಪಾತ್ರಗಳ ಹೆಸರೇ ಮರೆತುಹೋಗುತ್ತದೆ, ಇಷ್ಟೆಲ್ಲ ಓದಿ ಏನು ಬಂತು ಅಂತ ಕೇಳಿದ್ದೀಯ. ಆ ಕೊರಗಿಗೆ ಅಧ್ಯಾಯ ಅಧ್ಯಾಯದ ಸಾರಾಂಶ ಬರೆದಿಡುತ್ತಿದ್ದೀಯಂತೆ. ಅದನ್ನು ಬಿಟ್ಟುಬಿಡು ಮಗಳೇ. ಅದು ಪರೀಕ್ಷೆಗೆ ಓದುವವರ ಪದ್ಧತಿ.

ಕಥೆಯ ಎಳೆ ಎಲ್ಲರಿಗೂ ಸಡಿಲವಾಗುತ್ತದೆ, ಯಾರು ಯಾರಿಗೆ ಏನಾಗಬೇಕು ಎನ್ನುವುದೂ ಕಲಸಿಹೋಗುತ್ತದೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಎಷ್ಟು ಮನೆ, ಎಷ್ಟು ಜನ! ಆ ನಂಟುಗಳನ್ನೆಲ್ಲ ಒಪ್ಪಿಸು ಅಂದರೆ ನನ್ನಿಂದಾಗದು. ಆದರೆ ಗುತ್ತಿ ಎಂಬವನ ನಾಯಿ, ‘ಹುಲಿಯ’ ಅಂತ ಅದರ ಹೆಸರು, ತುಂಗಾ ನದಿಯ ನೆರೆಯಲ್ಲಿ ಕೊಚ್ಚಿಹೋಗುವುದಿದೆಯಲ್ಲ, ಪುಸ್ತಕದ ಹೆಸರು ಕಿವಿಗೆ ಬಿದ್ದರೆ ಸಾಕು, ಅದು ಕಣ್ಣಮುಂದೆ ಬಂದು ನಿಲ್ಲುತ್ತದೆ. ಹಾಗೆ ಉಳಿದದ್ದನ್ನು ಸಣ್ಣದು ಅನ್ನಬೇಡ.

ನೆನಪು ಕೈಕಟ್ಟಿ ಕೂರುವುದೂ ಇಲ್ಲ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ಅಮೆರಿಕದ ಮೂಲನಿವಾಸಿಗಳ ಜನಪದ ಕಥೆಯೊಂದನ್ನು ಕೆಲವರಿಗೆ ಓದಲು ಕೊಟ್ಟು, ಬಿಟ್ಟು ಬಿಟ್ಟು ನೆನಪಿನಿಂದ ಬರೆಸಿದರು. 1932ರಲ್ಲಿ ಅದು ಪುಸ್ತಕವಾಗಿ ಬಂತು. ಬರೆಬರೆಯುತ್ತ ಕಥೆ ಮೊಟಕಾಯಿತು, ಅರ್ಥವಾಗದ ತುಣುಕುಗಳು ಬಿದ್ದುಹೋದವು, ಸೀಲ್ ಎಂಬ ಕಡಲಪ್ರಾಣಿಯ ಬೇಟೆ ಹೋಗಿ ಮೀನು ಹಿಡಿಯುವುದಾಯಿತು. ಓದಿದ ಕಾದಂಬರಿಯನ್ನು ನಾವೂ ಹೀಗೆಯೇ ನಮಗೆ ಒಗ್ಗುವಂತೆ ತಿದ್ದಿಕೊಳ್ಳುತ್ತಿರುತ್ತೇವೆ, ನಮಗೇ ತಿಳಿಯದಂತೆ.

ಅದಕ್ಕೇ ಮತ್ತೆ ಓದು ಅನ್ನುವುದು. ಟಾಲ್‌ಸ್ಟಾಯ್ ಬರೆದ ‘ಅನ್ನಾ ಕರೆನಿನಾ’ ಕಾದಂಬರಿಯ ಮೊದಲ ಭಾಗದಲ್ಲಿ ನಾಯಕಿ ಅನ್ನಾ ರೈಲಿನಲ್ಲಿ ಕೂತು ಸಣ್ಣದೊಂದು ಕೆಂಪು ಚೀಲ ತೆರೆದು ಮುಚ್ಚುತ್ತಾಳೆ. ಮೊದಲ ಓದಿಗೆ ಆ ಸಾಲು ಸುಮ್ಮನೆ ದಾಟಿಹೋಗುತ್ತದೆ, ಕಥೆಯ ಓಟ ಹಾಗಿರುತ್ತದೆ. ಕೊನೆಯಲ್ಲಿ ರೈಲಿನ ಕೆಳಗೆ ಬೀಳಲು ನಿಂತವಳನ್ನು ಅರೆಗಳಿಗೆ ತಡೆಯುವುದೂ ಕೆಂಪು ಚೀಲವೇ. ಅದನ್ನು ಕೈಯಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಮೊದಲ ಬೋಗಿ ಮುಂದೆ ಸರಿದಿರುತ್ತದೆ, ಮುಂದಿನ ಬೋಗಿಗೆ ಕಾಯಬೇಕಾಗುತ್ತದೆ. ಇದು ಗೊತ್ತಿದ್ದು ಮತ್ತೆ ಮೊದಲ ಭಾಗ ಓದಿ ನೋಡು. ಆ ಚೀಲ ಕಂಡೊಡನೆ ಎದೆ ಝಲ್ಲೆನ್ನುತ್ತದೆ. ಮುಂದೇನು ಎಂಬ ಆತುರ ಇಳಿದ ಮೇಲೆಯೇ ಕಣ್ಣು ಇಂಥ ಕಡೆ ನಿಲ್ಲುವುದು. ಎರಡನೇ ಓದಿನಲ್ಲಿ ಸಿಕ್ಕಿದ್ದು ಬೇಗ ಬಿಟ್ಟುಹೋಗುವುದೂ ಇಲ್ಲ.

ಹಾಗಂತ ಎಲ್ಲವನ್ನೂ ಮರಳಿ ಓದಬೇಕಿಲ್ಲ. ಕೆಲವು ಪುಸ್ತಕಕ್ಕೆ ಒಂದು ಸಲವೇ ಹೆಚ್ಚು. ಯಾವುದೋ ಒಂದು ದೃಶ್ಯ ಕಾರಣವಿಲ್ಲದೆ ಕಾಡುತ್ತಿದೆಯಲ್ಲ, ಆ ಪುಸ್ತಕ ತೆಗೆದುಕೋ. ತೆರೆಯುವ ಮೊದಲು ನೆನಪಿದ್ದಷ್ಟನ್ನು ಅರ್ಧ ಪುಟ ಬರೆ, ತಪ್ಪೋ ಸರಿಯೋ ನೋಡಬೇಡ. ಓದಿ ಮುಗಿಸಿದ ಮೇಲೆ ಆ ಹಾಳೆ ಎದುರಿಗಿಟ್ಟುಕೋ. ಎಲ್ಲಿ ನೀನು ಸೇರಿಸಿದ್ದೀಯ, ಏನನ್ನು ಬಿಟ್ಟಿದ್ದೀಯ ಎನ್ನುವುದು ಕಾಣುತ್ತದೆ. ನೀನು ಬೆಳೆದದ್ದೂ ಅಲ್ಲೇ ಗೊತ್ತಾಗುತ್ತದೆ.

ಯಾವ ಕಾದಂಬರಿ ಆರಿಸಿಕೊಂಡೆ ಅಂತ ಬರೆ. ನಾನೂ ಅದನ್ನೇ ತೆಗೆದು ಓದುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ