ಬ್ಯಾಂಕಿನ ಡೈರೆಕ್ಟರ್‌ಗೆ ಹತ್ತು ವರ್ಷ, ಎಂಪಿಗೆ ಯಾಕ ಲೆಕ್ಕ ಇಲ್ಲ?

ಸಂಪಾದಕರಿಗೆ ನಮಸ್ಕಾರ್ರಿ,

ನಾನು ಗದಗ-ಬೆಟಗೇರಿಯಾಂವ. ನಿಮ್ಮ ಪೇಪರ್ ಭಾಳ ವರ್ಷದಿಂದ ಮನಿಗೆ ಹಾಕಿಸ್ಕೋತೀನಿ, ಆದ್ರ ಪತ್ರ ಬರೆಯೂದು ಇದ ಮೊದಲನೇ ಸಲ. ವಿಷಯ ಪಾರ್ಲಿಮೆಂಟಿಂದು, ಶುರು ಮಾತ್ರ ನಮ್ಮೂರ ಬ್ಯಾಂಕಿನಿಂದ ಮಾಡ್ತೀನಿ, ಯಾಕಂದ್ರ ನನಗ ಈ ವಿಚಾರ ತಲಿಗೆ ಹೊಕ್ಕಿದ್ದ ಅಲ್ಲಿಂದ.

ನಮ್ಮೂರಾಗ ಒಂದು ಸಣ್ಣ ಅರ್ಬನ್ ಬ್ಯಾಂಕ್ ಐತಿ, ಹೆಸರು ಬ್ಯಾಡ. ಅದರ ಬೋರ್ಡಿನ್ಯಾಗ ನಾನು ಎರಡು ಅವಧಿ ಪೂರ್ತಿ, ಅಂದ್ರ ಹತ್ತು ವರ್ಷ ಡೈರೆಕ್ಟರ್ ಆಗಿದ್ದೆ. ಮೂರನೇ ಸಲ ನಿಲ್ಲಾಕ ತಯಾರಾಗಿ ಸೂಚಕರ ಸಹಿನೂ ಹಾಕಿಸಿಟ್ಟಿದ್ದೆ, ಅಷ್ಟರಾಗ ಮ್ಯಾನೇಜರ್ ತಮ್ಮ ಚೇಂಬರಿಗೆ ಕರದು ಚಾ ತರಿಸಿ ಒಂದು ಕಾಗದ ಮುಂದಿಟ್ರು. 2020ರಾಗ ಬ್ಯಾಂಕಿಂಗ್ ರೆಗ್ಯುಲೇಷನ್ ಕಾಯ್ದೆಗೆ ತಿದ್ದುಪಡಿ ಆಗಿ ಸಹಕಾರಿ ಬ್ಯಾಂಕುಗಳೂ ಅದರ ಕಲಂ 10ಎ ಒಳಗ ಬಂದಾವ, ಅಧ್ಯಕ್ಷರು ಮತ್ತ ಫುಲ್‌ಟೈಮ್ ಡೈರೆಕ್ಟರ್ ಬಿಟ್ರ ಬ್ಯಾರೆ ಯಾರೂ ಸತತ ಎಂಟು ವರ್ಷದ ಮ್ಯಾಲ ಕೂಡ್ರೂ ಹಂಗಿಲ್ಲ, "ಸಾಹೇಬ್ರ, ನಿಮ್ಮದು ಮುಗದೈತ್ರಿ, ಈ ಸಲ ಬರಂಗಿಲ್ಲ" ಅಂದ್ರು. ಸಿಟ್ಟು ಬಂತು ನನಗ, ಸುಳ್ಳು ಯಾಕ ಹೇಳ್ಲಿ. ಒಂದು ರೂಪಾಯಿ ತಿಂದಿಲ್ಲ, ಒಂದು ಮೀಟಿಂಗ್ ತಪ್ಪಿಸಿಲ್ಲ, ಮಂದಿ ಆರಿಸಿ ಕಳಸ್ತೀವಿ ಅಂತಾರ, ನಡುವ ಈ ಕಾಯ್ದೆ ಎಲ್ಲಿಂದ ಬಂತು ಅಂತ ಮನಿಗೆ ಬಂದು ಕೂಗಾಡಿದೆ.

ನನ್ನ ಜಾಗಾಕ್ಕ ಬಂದಾಕಿ ಖಾನಾವಳಿ ನಡಸೋ ಒಬ್ಬ ಹೆಣ್ಣುಮಗಳು. ಮುಂದಿನ ವರ್ಷದ ಜನರಲ್ ಬಾಡಿಗೆ ನಾನು ಬರೇ ಶೇರುದಾರನಾಗಿ ಹೋಗಿ ಹಿಂದಿನ ಸಾಲಿನ್ಯಾಗ ಕುಂತಿದ್ದೆ. ಆಕಿ ಎದ್ದು ನಿಂತು ವಾರ್ಷಿಕ ವರದಿ ಪುಸ್ತಕದಾಗಿನ ಒಂದು ಪುಟದ ಮ್ಯಾಲ ಬಳ್ಳಿಟ್ಟು, ಇಂಥಾ ಸಾಲ ಮೂರು ಸಲ ರಿನೀವಲ್ ಆಗೇತ್ರಿ, ಒಮ್ಮೆನೂ ಅಸಲು ಕಟ್ಟಿಲ್ಲ, ಬಡ್ಡಿನ ಸಾಲಕ್ಕ ಕೂಡಿಸಿ ಹೊಸಾ ಸಾಲ ಅಂತ ತೋರಿಸೇವಿ, ಇದು ಹೆಂಗ ಅಂತ ಕೇಳಿದ್ಲು. ಇಡೀ ಸಭಾ ಸುಮ್ಮಾತು. ಆ ಸಾಲ ತಗೊಂಡಾಂವ ಯಾರು ಅಂತ ನನಗ ಗೊತ್ತಿತ್ತು, ಅವರ ಮಗನ ಮದುವಿಗೆ ಹೋಗಿ ಉಂಡು ಬಂದಾಂವ ನಾನು. ಮೂರು ರಿನೀವಲ್‌ನ್ಯಾಗ ಎರಡಕ್ಕ ನನ್ನ ಸಹಿ ಐತಿ. ನಾವು ಯಾರೂ ಕಳ್ಳರಿದ್ದಿಲ್ಲ, ಆದ್ರ ಹತ್ತು ವರ್ಷ ಒಂದ ಟೇಬಲ್ ಸುತ್ತ ಕುಂತು ಕುಂತು ಆ ಪ್ರಶ್ನೆ ಕೇಳಬೇಕು ಅನ್ನೂದ ನಮ್ಮ ತಲ್ಯಾಗಿಂದ ಹೋಗಿಬಿಟ್ಟಿತ್ತು, ಬಂದು ವರ್ಷ ಆಗದಾಕಿಗೆ ಮೊದಲ ಅದ ಕಣ್ಣಿಗೆ ಬಿತ್ತು. ಅವತ್ತ ಸಭಾ ಮುಗಿಸಿ ನಡಕೋಂತ ಮನಿಗೆ ಬರೂದ್ರಾಗ ನನ್ನ ಸಿಟ್ಟೆಲ್ಲಾ ಇಳಿದಿತ್ತು, ಆ ಕಾಯ್ದೆ ಬರೋಬರಿ ಐತಿ ಅನ್ನಿಸ್ತು.

ಈಗ ನನ್ನ ಪ್ರಶ್ನೆಗೆ ಬರ್ತೀನ್ರಿ. ಆ ಕಾಯ್ದೆ ಮಾಡಿದ್ದು ಪಾರ್ಲಿಮೆಂಟ್. 2025ರಾಗ ಆ ಎಂಟನ್ನ ಹತ್ತು ಮಾಡಿದ್ದೂ ಅದ ಪಾರ್ಲಿಮೆಂಟ್. ಸಣ್ಣ ಊರಿನ ಬ್ಯಾಂಕಿನ್ಯಾಗ ಒಬ್ಬಾಂವ ಹತ್ತು ವರ್ಷದ ಮ್ಯಾಲ ಕುಂತ್ರ ಸರಿ ಅಲ್ಲ ಅಂತ ಅವ್ರಿಗೆ ಗೊತ್ತೈತಿ. ಅಂಥಾದ್ರಾಗ ಇಡೀ ದೇಶದ ತೆರಿಗಿ, ಬಜೆಟ್ಟು, ಕಾನೂನು ಎಲ್ಲಾ ಕೈಯಾಗ ಇರೋ ಜಾಗಾದಾಗ ಇಪ್ಪತ್ತು ಮೂವತ್ತು ವರ್ಷ ಕೂಡ್ರಾಕ ಯಾಕ ಯಾವ ಮಿತಿನೂ ಇಲ್ಲ? ಸಂವಿಧಾನದಾಗ ಲೋಕಸಭಾಕ್ಕ 25 ವರ್ಷ, ರಾಜ್ಯಸಭಾಕ್ಕ 30 ವರ್ಷ ತುಂಬಿರಬೇಕು ಅಂತ ಐತಿ, ಎಷ್ಟು ಸಲ ಆರಿಸಿ ಬರಬಹುದು ಅನ್ನೂದರ ಬಗ್ಗೆ ಒಂದು ಅಕ್ಷರ ಇಲ್ಲ. ಸುಪ್ರೀಂ ಕೋರ್ಟ್ ಜಡ್ಜ್ 65ಕ್ಕ ರಿಟೈರು, ಹೈಕೋರ್ಟ್ ಜಡ್ಜ್ 62ಕ್ಕ, ಚುನಾವಣಾ ಆಯುಕ್ತರಿಗೆ ಆರು ವರ್ಷ ಇಲ್ಲಾ 65 ವಯಸ್ಸು ಯಾವುದು ಮೊದಲೋ ಅದು. ಕ್ರಿಕೆಟ್ ಮಂಡಳಿ ಪದಾಧಿಕಾರಿಗಳು ಸುದ್ದಾ ಸತತ ಎರಡು ಅವಧಿ ಮುಗಿಸಿದ ಮ್ಯಾಲ ಮೂರು ವರ್ಷ ಹೊರಗ ಇರಬೇಕು, ಸುಪ್ರೀಂ ಕೋರ್ಟ್ ಒಪ್ಪಿದ ನಿಯಮ ಅದು.

ನಮ್ಮ ಕಡೀದ ಲೆಕ್ಕ ನೋಡ್ರಿ. ಧಾರವಾಡ ಕ್ಷೇತ್ರ, ಮೊದಲು ಧಾರವಾಡ ಉತ್ತರ ಅಂತಿದ್ರು, 1952ರಿಂದ 2024ರ ತನಕ ಅಲ್ಲಿ 18 ಲೋಕಸಭಾ ಚುನಾವಣೆ ಆಗ್ಯಾವ. ಗೆದ್ದವರು ಎಷ್ಟು ಮಂದಿ ಅಂದ್ರ ಐದ ಮಂದಿ. ಡಿ.ಪಿ. ಕರಮರಕರ ಎರಡು ಸಲ, ಸರೋಜಿನಿ ಮಹಿಷಿ ನಾಲ್ಕು, ಡಿ.ಕೆ. ನಾಯ್ಕರ ನಾಲ್ಕು, ವಿಜಯ ಸಂಕೇಶ್ವರ ಮೂರು, ಪ್ರಲ್ಹಾದ ಜೋಶಿ 2004ರಿಂದ ಐದು. ನಮ್ಮ ಗದಗ ಈಗ ಹಾವೇರಿ ಕ್ಷೇತ್ರದಾಗ ಬರ್ತೈತಿ, ಅದು ಮೊದಲು ಧಾರವಾಡ ದಕ್ಷಿಣ ಇದ್ದಾಗ ಎಫ್.ಎಚ್. ಮೊಹಸಿನ್ ಅವರು 1962ರಿಂದ ಸತತ ಐದು ಸಲ ಗೆದ್ರು. ಇದನ್ನ ಯಾರನ್ನೂ ಹೀಯಾಳಿಸಾಕ ಹೇಳಾಕತ್ತಿಲ್ಲ. ಮಹಿಷಿಯವರ ಹೆಸರು ಹೇಳಿದ್ರ ಇವತ್ತಿಗೂ ಕನ್ನಡಿಗರ ನೌಕರಿ ಮಾತು ನೆನಪಾಗ್ತೈತಿ, ಅವರ ವರದಿ 1986ರಾಗ ಬಂದಿದ್ದು. ಪಕ್ಷದ ಮಾತೂ ಅಲ್ಲ ಇದು, ಈ ಪಟ್ಟಿಯಾಗ ಕಾಂಗ್ರೆಸ್ಸಿನವರೂ ಅದಾರ, ಬಿಜೆಪಿಯವರೂ ಅದಾರ. ನಾನು ಕೇಳೂದು ಇಷ್ಟ, ಎಪ್ಪತ್ತು ವರ್ಷದ ಮ್ಯಾಲಾತು, ಹುಬ್ಬಳ್ಳಿ ಧಾರವಾಡ ನವಲಗುಂದ ಕಲಘಟಗಿ ಕುಂದಗೋಳ ಇಷ್ಟೆಲ್ಲಾ ಊರಾಗ ಎಷ್ಟು ವಕೀಲರು, ಮಾಸ್ತರು, ರೈತ ಸಂಘದವರು, ವ್ಯಾಪಾರಸ್ಥರು ಹುಟ್ಟಿರಬೇಕು, ಅವರಾಗ ದಿಲ್ಲಿಗೆ ಹೋಗಿ ಮಾತಾಡೂವಂಥವರು ಐದ ಮಂದಿ ಏನ್ರಿ?

ತಾವಾಗೇ ಬಿಟ್ಟವರೂ ಅದಾರ. ಹಾವೇರಿಯಿಂದ ಶಿವಕುಮಾರ ಉದಾಸಿ 2009, 2014, 2019, ಮೂರು ಸಲ ಗೆದ್ದು 2024ಕ್ಕ ನಿಲ್ಲಂಗಿಲ್ಲ ಅಂತ ಮೊದಲ ಹೇಳಿಬಿಟ್ರು. ಅವರ ರಾಜಕೀಯ ಏನರ ಇರ್ಲಿ, ಅದು ನನಗ ಭಾಳ ಛಲೋ ಅನ್ನಿಸ್ತು.

ಇದಕ್ಕ ಮಂದಿ ಹೇಳೂ ಮೊದಲನೇ ಮಾತು, ಅನುಭವ ಬೇಕಲ್ರಿ ಅಂತ. ಸೀನಿಯರ್ ಇದ್ರ ದಿಲ್ಲಿಯಾಗ ಕೆಲಸ ಆಗ್ತಾವ, ಹುಬ್ಬಳ್ಳಿಗೆ 2003ರಾಗ ನೈಋತ್ಯ ರೈಲ್ವೆ ವಲಯ ಬಂತು, ಧಾರವಾಡಕ್ಕ 2016ರಾಗ ಐಐಟಿ ಬಂತು, ಹೊಸಬರು ಹೋಗಿದ್ರ ಬರ್ತಿದ್ದುವೇನು ಅಂತಾರ. ಈ ಮಾತನ್ನ ನಾನು ತೆಗೆದು ಹಾಕಂಗಿಲ್ಲ. ಸಂಸತ್ತಿನ ಕೆಲಸ ಕಲಿಯಾಕ ಟೈಮ್ ಬೇಕು, ಮೊದಲ ಎರಡು ವರ್ಷ ಯಾವ ಸಮಿತಿ ಏನು ಮಾಡ್ತೈತಿ ಅಂತ ತಿಳಿಯೂದ್ರಾಗ ಹೋಗ್ತೈತಿ, ಅದು ಬ್ಯಾಂಕಿನ್ಯಾಗೂ ಹಂಗ. ಆದ್ರ ಒಬ್ಬ ಎಂಪಿಗೆ ಹದಿನೈದು ವರ್ಷ ಸಾಕು ಅನ್ನೂದು ನನ್ನ ಲೆಕ್ಕ, ಅಷ್ಟು ಸಾಲಂಗಿಲ್ಲ ಅಂತ ಯಾರರ ಹೇಳಿದ್ರ ನಾನು ಒಪ್ಪಂಗಿಲ್ಲ. ಮಹದಾಯಿ ನದಿ ನೀರನ್ನ ನಮ್ಮ ಮಲಪ್ರಭಾ ಹೊಳಿಗೆ ತಿರುಗಸೂ ವಿಷಯ ನೋಡ್ರಿ. ನರಗುಂದ ನವಲಗುಂದ ರೈತರು 2015ರಿಂದ ರಸ್ತೆದಾಗ ಕುಂತ್ರು, 2018ರ ಆಗಸ್ಟ್‌ನ್ಯಾಗ ನ್ಯಾಯಾಧಿಕರಣ ಕರ್ನಾಟಕಕ್ಕ 13.42 ಟಿಎಂಸಿ ಅಂತ ತೀರ್ಪು ಕೊಡ್ತು, 2020ರಾಗ ಗೆಜೆಟ್ ಆತು, ಈ ಭಾಗದಿಂದ ದಿಲ್ಲಿಯಾಗ ಅನುಭವಸ್ಥರಿಗೆ ಏನೂ ಕಡಿಮಿ ಇದ್ದಿಲ್ಲ, ನೀರು ಮಾತ್ರ ಇನ್ನೂ ಮಲಪ್ರಭಾಕ್ಕ ಬಂದಿಲ್ಲ. ಬರೇ ಹಳಬರಿದ್ರ ಕೆಲಸ ಆಗ್ತಿದ್ರ ಇದು ಎಂದೋ ಆಗಬೇಕಿತ್ತು.

ಎರಡನೇ ಮಾತು, ಮತದಾರ ಅದಾನಲ್ರಿ, ಬ್ಯಾಡ ಅಂದ್ರ ಸೋಲಸ್ತಾನ, ಕಾಯ್ದೆ ಯಾಕ ಬೇಕು ಅಂತ. ಇದ ನನ್ನ ಮಗನೂ ನನ್ನ ಜೊತಿ ವಾದ ಮಾಡ್ತಾನ. ಆದ್ರ ಮತದಾರನ ಮುಂದ ಬರೂದು ಪಕ್ಷ ಟಿಕೆಟ್ ಕೊಟ್ಟ ಹೆಸರು ಅಷ್ಟ. ನನ್ನ ತಮ್ಮನ ಗೆಳೆಯಾ ಒಬ್ಬಾಂವ ಅದಾನ, ಕಾಲೇಜಿನ್ಯಾಗ ಇದ್ದಾಗಿಂದ ಒಂದು ಪಕ್ಷಕ್ಕ ದುಡದಾನ, ಗ್ವಾಡಿ ಮ್ಯಾಲ ಸುಣ್ಣದಾಗ ಚಿಹ್ನೆ ಬರೆಯೂದರಿಂದ ಹಿಡದು ಬೂತ್ ಏಜೆಂಟ್ ಆಗಿ ಮುಂಜಾನಿ ಆರಕ್ಕ ಹೋಗಿ ಕೂಡ್ರೂತನಕ. ಓದಿಕೊಂಡಾನ, ಮಾತಾಡ್ತಾನ, ನಾಲ್ಕು ತಾಲೂಕಿನ ಹಳ್ಳಿ ಹಳ್ಳಿ ಗೊತ್ತು. ಈಗ ಅವನಿಗೆ ಐವತ್ತೆರಡು. ಪ್ರತಿ ಸಲ ಟಿಕೆಟ್ ಕೇಳಿದಾಗ "ಈ ಸಲ ಸಾಹೇಬ್ರ ನಿಲ್ತಾರ, ಮುಂದಿನ ಸಲ ನೋಡೂಣು" ಅಂದಾರ. ಮೊನ್ನೆ ಸಿಕ್ಕಿದ್ದ, ಕಣ್ಣಿಗೆ ಪೊರೆ ಆಪರೇಷನ್ ಆಗೇತಿ, ಇನ್ನ ನಾ ಕೇಳಂಗಿಲ್ಲ ಅಣ್ಣಾ ಅಂದ. ಆ ಮಾತು ಕೇಳಿ ನನಗ ಎರಡು ದಿನ ಸಮಾಧಾನ ಇದ್ದಿಲ್ಲ. ಇಂಥವರು ಎಲ್ಲಾ ಪಕ್ಷದಾಗೂ ಅದಾರ, ಅವರ ಹೆಸರು ಮತಯಂತ್ರದ ಮ್ಯಾಲ ಬಂದ ಇಲ್ಲ ಅಂದ ಮ್ಯಾಲ ಮತದಾರ ಯಾರನ್ನ ಆರಸ್ಬೇಕು? ಮ್ಯಾಲ ಲೋಕಸಭಾ ಅಭ್ಯರ್ಥಿ ಖರ್ಚಿನ ಮಿತಿನ ನಮ್ಮ ರಾಜ್ಯದಾಗ 95 ಲಕ್ಷ ಐತಿ. ಅಷ್ಟು ಹೊಂದಸೂ ತಾಕತ್ತು ಒಮ್ಮೆ ಗೆದ್ದಾಂವಗ ಸಲೀಸು, ಹೊಸಬನಿಗೆ ಅಲ್ಲ.

ಪಿಂಚಣಿದೂ ಒಂದು ಮಾತು ಹೇಳಿಬಿಡ್ತೀನಿ. ಮಾಜಿ ಎಂಪಿಗೆ ತಿಂಗಳಿಗೆ 31 ಸಾವಿರ, ಐದು ವರ್ಷದ ಮ್ಯಾಲ ಎಷ್ಟು ವರ್ಷ ಇದ್ರೂ ವರ್ಷಕ್ಕ 2,500 ಕೂಡಿಸ್ಕೋಂತ ಹೋಗ್ತಾರ. ಇಪ್ಪತ್ತೈದು ವರ್ಷ ಇದ್ದಾಂವಗ 81 ಸಾವಿರ ಆತು. ಗಿರಣಿಯಾಗ ದುಡದ ಮಂದಿಗೆ ಪಿಎಫ್ ಪಿಂಚಣಿ ಕನಿಷ್ಠ 1,000 ರೂಪಾಯಿ ಅಂತ 2014ರಾಗ ಮಾಡಿದ್ದು ಹಂಗ ಐತಿ, ಅದು ಬ್ಯಾರೆ ಪತ್ರದ ವಿಷಯ.

ಹೊರದೇಶದಾಗ ಏನಾಗೇತಿ ಅಂತ ಸ್ವಲ್ಪ ಓದಿದೆ. ಅಮೆರಿಕಾದಾಗ ಅಧ್ಯಕ್ಷಗ ಎರಡ ಅವಧಿ ಅಂತ 1951ರಾಗ ಸಂವಿಧಾನಕ್ಕ ಸೇರಿಸಿದ್ರು, ಅವರ ಸಂಸತ್ತಿನವರಿಗೆ ಮಾತ್ರ ಮಿತಿ ಇಲ್ಲ. 1995ರಾಗ ಅದನ್ನ ತರಬೇಕು ಅಂತ ಕೆಳಮನಿಯಾಗ ವೋಟಿಗೆ ಹಾಕಿದ್ರ 227 ಮಂದಿ ಹೂಂ ಅಂದ್ರು, 204 ಮಂದಿ ಬ್ಯಾಡ ಅಂದ್ರು, ಮೂರನೇ ಎರಡು ಭಾಗ ಬೇಕಿತ್ತು, ಬಿದ್ದುಹೋತು. ಅದ ವರ್ಷ ಅವರ ಸುಪ್ರೀಂ ಕೋರ್ಟೂ ರಾಜ್ಯಗಳು ತಾವಾಗೇ ಇಂಥಾ ಮಿತಿ ಹಾಕಾಕ ಬರಂಗಿಲ್ಲ ಅಂತ ಹೇಳ್ತು, ಐದು ಜಡ್ಜ್ ಒಂದ್ಕಡೆ, ನಾಲ್ಕು ಒಂದ್ಕಡೆ. ಕ್ಯಾಲಿಫೋರ್ನಿಯಾ ರಾಜ್ಯದವರು 1990ರಾಗ ತಮ್ಮ ಕೆಳಮನಿಗೆ ಆರ ವರ್ಷ ಅಂತ ಭಾಳ ಬಿಗಿ ಮಾಡಿದ್ರು, 2012ರಾಗ ಅದನ್ನ ಬಿಟ್ಟು ಎರಡೂ ಮನಿ ಕೂಡಿ ಹನ್ನೆರಡು ವರ್ಷ ಅಂತ ಬದಲಾಯಿಸಿದ್ರು. ಫಿಲಿಪ್ಪೀನ್ಸ್‌ನ್ಯಾಗ 1987ರ ಸಂವಿಧಾನದಿಂದನ ಕೆಳಮನಿಗೆ ಸತತ ಮೂರ ಸಲ ಅಂತ ಐತಿ, ಅಲ್ಲಿ ಏನು ಮಾಡ್ತಾರಂದ್ರ ಗಂಡಂದು ಮುಗೀತಂದ್ರ ಹೆಂಡತಿ ನಿಲ್ತಾಳ, ಆಮ್ಯಾಲ ಮಗ, ಆಮ್ಯಾಲ ತಿರುಗಿ ಗಂಡ. ಇದನ್ನ ಓದಿದಾಗ ನನಗ ಖರೇನ ಅಂಜಿಕಿ ಬಂತು, ಯಾಕಂದ್ರ ನಮ್ಮಲ್ಲಿ ಮಿತಿ ಇಲ್ಲದ ಇದ್ರೂ ಮಗ ಸೊಸಿ ತಯಾರಾಗೇ ಇರ್ತಾರ.

ಅದಕ್ಕ ನನ್ನ ಬೇಡಿಕಿ ಹಿಂಗೈತ್ರಿ. ಲೋಕಸಭಾ ರಾಜ್ಯಸಭಾ ಎರಡೂ ಕೂಡಿ ಒಬ್ಬ ಮನುಷ್ಯಾಗ ಹದಿನೈದು ವರ್ಷ, ಅದಕ್ಕಿಂತ ಹೆಚ್ಚು ಬ್ಯಾಡ. ಎರಡೂ ಕೂಡಿ ಅಂತ ಯಾಕ ಹೇಳ್ತೀನಂದ್ರ, ಇಲ್ಲಾಂದ್ರ ಇಲ್ಲಿ ಮುಗಿಸಿ ಅಲ್ಲಿ ಹೋಗಿ ಕೂಡ್ರೂ ದಾರಿ ತೆರದ ಇರ್ತೈತಿ. ಇಳಿದವರ ಮನಿಯವರಿಗೆ ಅದ ಕ್ಷೇತ್ರದ ಟಿಕೆಟ್ ಮುಂದಿನ ಒಂದು ಚುನಾವಣೆಗೆ ಕೊಡಬಾರದು. ಇಳಿದವರು ಮನಿಯಾಗ ಕೂಡ್ರಬೇಕು ಅಂತಲ್ಲ, ಪಕ್ಷ ಕಟ್ಟಲಿ, ಹೊಸಬರಿಗೆ ಹೇಳಿಕೊಡಲಿ, ಬೇಕಾದ್ರ ಜಿಲ್ಲಾ ಪಂಚಾಯತಿಗೆ ನಿಲ್ಲಲಿ, ಅಲ್ಲಿ ಅಂಥಾ ಅನುಭವ ಯಾರಿಗೆ ಐತಿ ಹೇಳ್ರಿ. ಮಹಿಳಾ ಮೀಸಲಾತಿ ಕಾಯ್ದೆ 2023ರಾಗ ಪಾಸ್ ಆಗೇತಿ, ಮೂರನೇ ಒಂದು ಭಾಗ ಸೀಟು ಹೆಣ್ಣುಮಕ್ಕಳಿಗೆ. ಅದು ಜಾರಿ ಆಗೂ ಹೊತ್ತಿಗೆ ಇಂಥಾ ಮಿತಿನೂ ಇದ್ರ ನಮ್ಮ ಖಾನಾವಳಿ ಅಕ್ಕಾರಂಥವರು ಎಷ್ಟು ಮಂದಿ ಮುಂದ ಬರಬಹುದು!

ಸಂವಿಧಾನ ತಿದ್ದುಪಡಿ ಮಾಡಾಕ 368ನೇ ವಿಧಿ ಪ್ರಕಾರ ಎರಡೂ ಸದನದಾಗ ಹಾಜರಿದ್ದು ವೋಟ್ ಹಾಕಿದವರಾಗ ಮೂರನೇ ಎರಡು ಭಾಗ ಬೇಕು, ವೋಟ್ ಹಾಕಬೇಕಾದವರು ಯಾರಂದ್ರ ಜಾಗಾ ಬಿಡಬೇಕಾದವರ. ಅದು ನಾಳೆ ಆಗ್ತೈತಿ ಅಂತ ನಂಬಾಕ ನಾನೇನು ಸಣ್ಣ ಹುಡುಗ ಅಲ್ಲ. ಆದ್ರ ಪಕ್ಷಗಳಿಗೆ ತಿದ್ದುಪಡಿ ಬೇಕಾಗಿಲ್ಲ. ಕೇರಳದಾಗ 2021ರ ವಿಧಾನಸಭಾ ಚುನಾವಣೆಯಾಗ ಸಿಪಿಎಂ ಪಕ್ಷದವರು ಸತತ ಎರಡು ಸಲ ಗೆದ್ದವರಿಗೆ ಟಿಕೆಟ್ ಇಲ್ಲ ಅಂತ ನಿಯಮ ಮಾಡಿ ಥಾಮಸ್ ಐಸಾಕ್ ಅವರಂಥಾ ಹಣಕಾಸು ಮಂತ್ರಿನ್ನೂ ಕೂಡ್ರಿಸಿದ್ರು, ಆ ಚುನಾವಣೆ ಗೆದ್ರೂ ಗೆದ್ರು. ಮನಸ್ಸು ಮಾಡಿದ್ರ ಬ್ಯಾರೆ ಪಕ್ಷಗಳೂ 2029ರ ಲೋಕಸಭಾ ಚುನಾವಣೆಗೆ ಮೊದಲ ಇದನ್ನ ತಮ್ಮ ನಿಯಮದಾಗ ಬರಕೋಬಹುದು.

ನಮ್ಮ ಜಿಲ್ಲಾದ ಕಣಗಿನಹಾಳದಾಗ 1905ರಾಗ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ರು, ಹಳ್ಳಿ ರೈತರು ತಮ್ಮ ತಮ್ಮೊಳಗ ರೊಕ್ಕ ಕೂಡಿಸಿ ತಾವ ಲೆಕ್ಕ ಇಟ್ಟಿದ್ದು ಅದು. ಆ ಮಣ್ಣಿನ ಸಹಕಾರಿ ಬ್ಯಾಂಕಿಗೆ ಒಂದು ನಿಯಮ, ಅದನ್ನ ಬರೆದವರಿಗೆ ಏನೂ ಇಲ್ಲ ಅಂದ್ರ ನಾವು ಸುಮ್ಮನ ಇರೂದು ಹೆಂಗ?

ಕಡೀಕ ನಿಮಗೂ ಒಂದು ಕೇಳ್ಕೋತೀನ್ರಿ ಸಂಪಾದಕರ. ಚುನಾವಣೆ ಬಂದಾಗ ನೀವು ಅಭ್ಯರ್ಥಿಗಳ ಆಸ್ತಿ ಎಷ್ಟು, ಕೇಸ್ ಎಷ್ಟು, ಏನು ಓದ್ಯಾರ ಅಂತ ಅಫಿಡವಿಟ್ ನೋಡಿ ಛಂದ ಪಟ್ಟಿ ಮಾಡಿ ಹಾಕ್ತೀರಿ, ನಾವು ಅದನ್ನ ಕತ್ತರಿಸಿ ಇಟ್ಕೋತೀವಿ. ಮುಂದಿನ ಸಲ ಅದರ ಬಾಜೂಕ ಇನ್ನೊಂದು ಕಾಲಂ ಹಾಕ್ರಿ, ಈ ಮನುಷ್ಯಾ ಈಗಾಗ್ಲೆ ಎಷ್ಟು ವರ್ಷ ಪಾರ್ಲಿಮೆಂಟಿನ್ಯಾಗ ಇದ್ದಾನ, ಇನ್ನೂ ಎಷ್ಟು ಸಲ ನಿಲ್ತೀನಿ ಅಂತ ಹೇಳ್ಯಾನ ಅಂತ. ಹೇಳಾಕ ಒಪ್ಪದವರ ಮುಂದ ಜಾಗಾ ಖಾಲಿ ಬಿಡ್ರಿ.

ಇಂತಿ ನಿಮ್ಮ ಓದುಗ,
ಗದಗ-ಬೆಟಗೇರಿ