ಮಗಳ ಕಾಮಾಲೆಯ ಕುರಿತು ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಕಾಮಾಲೆಗೆ ಯಾರಾದರೂ ಹೊಟ್ಟೆ ಕೊಯ್ಯುತ್ತಾರೆಯೇ ಎಂದು ನೀನು ಫೋನಿನಲ್ಲಿ ಕೇಳಿದಾಗ ನಾನು ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ; ಸರಿಯಾಗಿ ಉತ್ತರಿಸಲು ಆಗಲಿಲ್ಲ. ಈಗ ಮಗಳು ಮನೆಗೆ ಬಂದಿದ್ದಾಳೆ. ನಿನ್ನ ತಂಗಿಗೂ ದಿನ ತುಂಬುತ್ತಿರುವುದರಿಂದ ಎಲ್ಲವನ್ನೂ ವಿವರವಾಗಿ ಬರೆಯುತ್ತಿದ್ದೇನೆ. ಇನ್ನೂ ನಾಲ್ಕು ಮನೆಯವರಿಗೆ ಉಪಯೋಗವಾದೀತೆಂದು ಇದನ್ನು ಎಲ್ಲರೂ ಓದುವಂತೆ ಹಾಕುತ್ತೇನೆ, ನಿನ್ನ ಅಭ್ಯಂತರವಿರಲಾರದು.

ಬಾಣಂತನಕ್ಕೆಂದು ನನ್ನ ಹೆಂಡತಿ ಹೊನ್ನಾಳಿಯ ಕಡೆಯ ತನ್ನ ತವರಿನಲ್ಲಿದ್ದಳು. ಹುಟ್ಟಿದ ಮೂರನೆಯ ದಿನ ಮಗುವಿನ ಮೈ ಹಳದಿಯಾದಾಗ ಯಾರೂ ಗಾಬರಿಯಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ನವಜಾತ ಶಿಶುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಹೀಗಾಗುತ್ತದೆ ಮತ್ತು ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ಅದು ಸಾಮಾನ್ಯವಾಗಿ ಎರಡು ವಾರದೊಳಗೆ ಇಳಿಯುತ್ತದೆ. ನಮ್ಮ ಮಗಳದು ಇಳಿಯಲಿಲ್ಲ. ಆದರೆ ಅವಳು ಹಾಲು ಕುಡಿಯುತ್ತಿದ್ದಳು, ನಿದ್ದೆ ಮಾಡುತ್ತಿದ್ದಳು, ತೂಕವೂ ಏರುತ್ತಿತ್ತು. ಊರಿನ ವೈದ್ಯರು ಎದೆಹಾಲಿನ ಕಾಮಾಲೆ ಇರಬಹುದೆಂದರು, ಬಂದವರೆಲ್ಲ ಎಳೆಬಿಸಿಲಿಗೆ ಹಿಡಿಯಿರಿ ಎಂದರು. ಎದೆಹಾಲಿನ ಕಾಮಾಲೆ ಎಂಬುದೂ ನಿಜವಾಗಿ ಇದೆ, ಅದು ನಿರಪಾಯಕಾರಿಯೂ ಹೌದು. ಹೊರನೋಟಕ್ಕೆ ನಿರಪಾಯದ ಕಾಮಾಲೆಯೂ ಅಪಾಯದ ಕಾಮಾಲೆಯೂ ಒಂದೇ ಹಳದಿಯಾಗಿ ಕಾಣುವುದೇ ಇಲ್ಲಿನ ತೊಡಕು.

ಬೇರೆಯದನ್ನು ಕಂಡವರು ನನ್ನ ಅತ್ತೆ. ಮಗುವಿನ ಬಟ್ಟೆಗಳನ್ನು ಕೈಯಲ್ಲೇ ಒಗೆಯುತ್ತಿದ್ದ ಅವರು ಒಂದು ಬೆಳಿಗ್ಗೆ, "ಕೂಸಿನ ಕಕ್ಕ ಬಿಳಿಚಿಕೊಂಡಿದೆ, ಉಚ್ಚೆ ಮಾತ್ರ ಬಟ್ಟೆಗೆ ಕಲೆ ಕಟ್ಟುತ್ತಿದೆ, ಇದು ಸರಿಯಿಲ್ಲ" ಎಂದರು. ಎದೆಹಾಲು ಕುಡಿಯುವ ಶಿಶುವಿನ ಮಲ ಸಾಸಿವೆಯಂಥ ಹಳದಿಯಾಗಿರಬೇಕು, ಮೂತ್ರ ಬಟ್ಟೆಗೆ ಕಲೆ ಹಿಡಿಸಬಾರದು. ನಮ್ಮಲ್ಲಿ ಎರಡೂ ತಿರುಗುಮುರುಗಾಗಿತ್ತು. ಮಲಕ್ಕೆ ಬಣ್ಣ ಬರುವುದು ಪಿತ್ತರಸದಿಂದ. ಅದು ಕರುಳಿಗೆ ಇಳಿಯದಿದ್ದರೆ ಮಲ ಬೆಳ್ಳಗಾಗುತ್ತದೆ, ಇಳಿಯಲಾರದ ಬಣ್ಣ ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೊರಬರುತ್ತದೆ. ಇಷ್ಟು ವಿವರಣೆ ಅತ್ತೆಗೆ ಗೊತ್ತಿರಲಿಲ್ಲ, ಆದರೆ ಐದು ಮಕ್ಕಳ ಬಟ್ಟೆ ಒಗೆದಿದ್ದ ಅವರಿಗೆ ಅದರ ಅಗತ್ಯವೂ ಬೀಳಲಿಲ್ಲ.

ದಾವಣಗೆರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಮೈಯನ್ನು ಹಳದಿಯಾಗಿಸುವ ಬಿಲಿರುಬಿನ್ ಎಂಬ ಬಣ್ಣದ ಒಟ್ಟು ಪ್ರಮಾಣ ಮಾತ್ರವಲ್ಲದೆ, ಅದರಲ್ಲಿ ಲಿವರ್ ಸಂಸ್ಕರಿಸಿದ 'ಡೈರೆಕ್ಟ್' ಎಂಬ ಭಾಗವನ್ನೂ ಬೇರೆಯಾಗಿ ಅಳೆದರು. ಸಾಧಾರಣ ಕಾಮಾಲೆಯಲ್ಲಿ ಈ ಭಾಗ ತೀರ ಕಡಿಮೆಯಿರುತ್ತದೆ. ಅದು ಡೆಸಿಲೀಟರ್ ರಕ್ತಕ್ಕೆ 1 ಮಿಲಿಗ್ರಾಮ್ ದಾಟಿದರೆ ಲಿವರನ್ನು ತಪಾಸಣೆ ಮಾಡಲೇಬೇಕು. ಮಗಳದು ಅದಕ್ಕಿಂತ ಬಹಳ ಮೇಲಿತ್ತು. ವರದಿ ನೋಡಿದ ವೈದ್ಯೆ ಅದೇ ದಿನ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

ಬೆಂಗಳೂರಿನ ಮಕ್ಕಳ ಆಸ್ಪತ್ರೆಯಲ್ಲಿ ನಮಗೆ ಕಷ್ಟವಾದದ್ದು ಕಾಯುವ ಕೆಲಸ. ಸ್ಕ್ಯಾನಿಂಗಿಗೆ ಮಗುವನ್ನು ಹಾಲಿಲ್ಲದೆ ಹಸಿದಿಡಬೇಕಿತ್ತು, ಏಕೆಂದರೆ ಹೊಟ್ಟೆ ಖಾಲಿಯಿದ್ದಾಗಲೇ ಪಿತ್ತಕೋಶ ಸರಿಯಾಗಿ ಕಾಣುತ್ತದೆ. ಆ ಅಳುವನ್ನು ಕೇಳಲಾರದೆ ನನ್ನ ಹೆಂಡತಿ ಮೆಟ್ಟಿಲ ಬಳಿ ಹೋಗಿ ಕುಳಿತಳು. ಪಿತ್ತಕೋಶ ಮುರುಟಿಕೊಂಡಂತೆ ಕಂಡಿತು. ಆಮೇಲೆ ರಕ್ತನಾಳಕ್ಕೆ ಒಂದು ವಿಕಿರಣ ದ್ರವ್ಯ ಕೊಟ್ಟು, ಅದು ಲಿವರಿನಿಂದ ಕರುಳಿಗೆ ಇಳಿಯುತ್ತದೆಯೇ ಎಂದು 24 ಗಂಟೆಗಳವರೆಗೆ ನೋಡಿದರು. ಇಳಿಯಲಿಲ್ಲ. ಕಾಯಿಲೆಯ ಹೆಸರು ಬಿಲಿಯರಿ ಅಟ್ರೀಶಿಯಾ ಎಂದು ಅಂದು ಮೊದಲ ಬಾರಿಗೆ ಕೇಳಿದೆವು: ಲಿವರಿನಿಂದ ಪಿತ್ತರಸವನ್ನು ಹೊರತರುವ ನಾಳಗಳು ಉರಿಯೂತದಿಂದ ಮುಚ್ಚಿಹೋಗುವ, ಹಾಗೆಯೇ ಬಿಟ್ಟರೆ ಲಿವರನ್ನೇ ಗಟ್ಟಿಯಾಗಿಸಿ ಕೆಡಿಸುವ ರೋಗ.

ಇದಕ್ಕೆ ಔಷಧಿಯಿಲ್ಲ, ಶಸ್ತ್ರಚಿಕಿತ್ಸೆಯಿದೆ. ಜಪಾನಿನ ಸೆಂಡೈ ನಗರದ ಶಸ್ತ್ರವೈದ್ಯ ಮೊರಿಯೊ ಕಸಾಯಿ 1950ರ ದಶಕದಲ್ಲಿ ರೂಪಿಸಿದ ಕ್ರಮ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ. ಮುಚ್ಚಿಹೋದ ನಾಳವನ್ನು ಕತ್ತರಿಸಿ ತೆಗೆದು, ಸಣ್ಣಕರುಳಿನ ಒಂದು ಭಾಗವನ್ನು ಮೇಲೆತ್ತಿ ಲಿವರಿನ ಬುಡಕ್ಕೇ ಹೊಲಿಯುತ್ತಾರೆ. ಮಗುವಿಗೆ 60 ದಿನ ತುಂಬುವ ಮೊದಲೇ ಮಾಡಿದರೆ ಪಿತ್ತರಸ ಹರಿಯುವ ಸಂಭವ ಹೆಚ್ಚು. ತಡವಾದಷ್ಟೂ ಅದು ಕುಗ್ಗುತ್ತದೆ. ನಮಗೆ ಆ ಗಡುವು ಸ್ವಲ್ಪದರಲ್ಲೇ ಸಿಕ್ಕಿತು. ಖರ್ಚಿನ ಕಥೆಯನ್ನು ಭೇಟಿಯಾದಾಗ ಹೇಳುತ್ತೇನೆ, ಅದು ಬೇರೆಯದೇ ಪುರಾಣ.

ಆಸ್ಪತ್ರೆಗೆ ನೋಡಲು ಬಂದ ನೆಂಟರಲ್ಲಿ ಕೆಲವರು ಬಸುರಿಯಲ್ಲಿ ಏನು ತಿಂದಿದ್ದಳು, ಗ್ರಹಣದಲ್ಲಿ ಹೊರಗೆ ಬಂದಿದ್ದಳೇ ಎಂದೆಲ್ಲ ವಿಚಾರಿಸಿದರು. ಅವರು ಕೆಟ್ಟವರಲ್ಲ, ಆದರೆ ಹೊಲಿಗೆ ಹಾಕಿದ ಕೂಸನ್ನು ತೊಡೆಯ ಮೇಲಿಟ್ಟುಕೊಂಡವಳಿಗೆ ಆ ಪ್ರಶ್ನೆಗಳು ಎಷ್ಟು ಚುಚ್ಚುತ್ತವೆ ಎಂಬ ಅರಿವು ಅವರಿಗಿರಲಿಲ್ಲ. ಕೊನೆಗೆ ರೌಂಡ್ಸಿಗೆ ಬಂದ ವೈದ್ಯರೇ ಎಲ್ಲರಿಗೂ ಕೇಳಿಸುವಂತೆ ಹೇಳಿದರು: ಇದರ ಕಾರಣ ವೈದ್ಯಶಾಸ್ತ್ರಕ್ಕೂ ಪೂರ್ತಿ ತಿಳಿದಿಲ್ಲ, ಆದರೆ ತಾಯಿ ತಿಂದದ್ದರಿಂದಲೋ ಮಾಡಿದ್ದರಿಂದಲೋ ಬರುವ ರೋಗ ಇದಲ್ಲ. ಆ ಮಾತಿಗೆ ನಾನು ಅವರಿಗೆ ಶಸ್ತ್ರಚಿಕಿತ್ಸೆಯಷ್ಟೇ ಋಣಿ.

ಈಗ ಮಲಕ್ಕೆ ಬಣ್ಣ ಬಂದಿದೆ, ಕಣ್ಣಿನ ಹಳದಿ ನಿಧಾನವಾಗಿ ಇಳಿಯುತ್ತಿದೆ. ಎ, ಡಿ, ಇ, ಕೆ ವಿಟಮಿನ್‌ಗಳ ಹನಿ, ಪಿತ್ತರಸದ ಹರಿವಿಗೆ ಒಂದು ಔಷಧಿ, ಸೋಂಕು ತಡೆಯಲು ಇನ್ನೊಂದು, ಹೀಗೆ ದಿನವಿಡೀ ಗಡಿಯಾರ ನೋಡುವುದೇ ಆಗಿದೆ. ಜ್ವರ ಬಂದರೆ ಮನೆಯಲ್ಲಿ ಕಾಯುವಂತಿಲ್ಲ, ಏಕೆಂದರೆ ಕರುಳಿನ ಸೋಂಕು ಲಿವರಿನ ನಾಳಗಳಿಗೆ ಏರುವ ಅಪಾಯ ಈ ಮಕ್ಕಳಿಗೆ ಸದಾ ಇರುತ್ತದೆ. ಒಮ್ಮೆ ಹಾಗಾಗಿ ಮತ್ತೆ ದಾಖಲಾಗಿದ್ದೆವು. ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳೊಳಗೆ ಒಟ್ಟು ಬಿಲಿರುಬಿನ್ 2 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಮುಂದಿನ ದಾರಿ ಹಗುರವಾಗುತ್ತದೆಯಂತೆ. ಇಳಿಯದಿದ್ದರೆ, ಅಥವಾ ಇಳಿದು ವರ್ಷಗಳ ನಂತರ ಲಿವರ್ ಸೋತರೆ, ಕಸಿ ಮಾಡಬೇಕಾಗುತ್ತದೆ. ತಂದೆ ಅಥವಾ ತಾಯಿಯ ಲಿವರಿನ ಒಂದು ಚಿಕ್ಕ ತುಂಡು ಸಾಕು, ಕೊಟ್ಟವರಲ್ಲಿ ಅದು ಮತ್ತೆ ಬೆಳೆದುಕೊಳ್ಳುತ್ತದೆ. ನನ್ನ ಮತ್ತು ಮಗಳ ರಕ್ತದ ಗುಂಪು ಒಂದೇ ಎಂದು ಗೊತ್ತಾದ ರಾತ್ರಿ ನನಗೆ ಬಹಳ ದಿನಗಳ ಮೇಲೆ ನಿದ್ದೆ ಬಂತು.

ತೈವಾನಿನಲ್ಲಿ 2004ರಿಂದ ಪ್ರತಿ ಶಿಶುವಿನ ಆರೋಗ್ಯ ಪುಸ್ತಕದಲ್ಲಿ ಮಲದ ಬಣ್ಣಗಳ ಚಿತ್ರವಿರುವ ಕಾರ್ಡು ಇಟ್ಟಿದ್ದಾರೆ. ಅದನ್ನು ನೋಡಿ ತಾಯಂದಿರೇ ಬೇಗ ಕರೆತರುವುದರಿಂದ 60 ದಿನದೊಳಗೆ ಶಸ್ತ್ರಚಿಕಿತ್ಸೆಯಾಗುವ ಮಕ್ಕಳ ಪ್ರಮಾಣ ಅಲ್ಲಿ ಹೆಚ್ಚಿತು. ನಮ್ಮ ತಾಯಿ ಕಾರ್ಡಿನಲ್ಲಿ ಲಸಿಕೆಯ ಪಟ್ಟಿಯ ಪಕ್ಕದಲ್ಲಿ ಅಂಥ ಚಿತ್ರಕ್ಕೆ ಒಂದು ಪುಟ ಖಂಡಿತ ಕೊಡಬೇಕು. ಎಲ್ಲ ಮನೆಗಳಲ್ಲೂ ನನ್ನ ಅತ್ತೆ ಇರುವುದಿಲ್ಲ, ಇದ್ದರೂ ಈಗ ಡೈಪರ್ ಸುತ್ತಿ ಬುಟ್ಟಿಗೆ ಎಸೆಯುತ್ತೇವೆ.

ನಿನ್ನ ತಂಗಿಗೆ ಹೇಳು: ಮೊದಲ ಎರಡು ತಿಂಗಳು ಮಗುವಿನ ಮಲವನ್ನು ಹಗಲು ಬೆಳಕಿನಲ್ಲಿ ನೋಡುತ್ತಿರಲಿ, ಬಿಳಿಚಿದಂತೆ ಕಂಡರೆ ಅಥವಾ ಎರಡು ವಾರವಾದರೂ ಹಳದಿ ಉಳಿದರೆ ಡೈರೆಕ್ಟ್ ಬಿಲಿರುಬಿನ್ ಬರೆದುಕೊಡಿ ಎಂದು ಹೆಸರು ಹಿಡಿದೇ ಕೇಳಲಿ. ನೀನು ಮುಂದಿನ ತಿಂಗಳು ಬರುವುದಾದರೆ ಬಾ, ಆದರೆ ನೆಗಡಿ ಕೆಮ್ಮು ಇದ್ದರೆ ದಯವಿಟ್ಟು ಪ್ರಯಾಣ ಮುಂದೂಡು. ಬೇಸರ ಮಾಡಿಕೊಳ್ಳಬೇಡ, ನನ್ನ ಸ್ವಂತ ಅಣ್ಣನನ್ನೂ ಹಾಗೆಯೇ ಬಾಗಿಲಿನಿಂದ ಕಳುಹಿಸಿದ್ದೇನೆ.

ಇಂತಿ ನಿನ್ನ
ಗೆಳೆಯ