ಈ ಬಾರಿ ವೆರೋನಾ ಅಲ್ಲ, ಪಾರ್ಮಾ

ಆತ್ಮೀಯರೇ, ನಮಸ್ಕಾರ.

ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ನೋಡಲು ಜುಲೈನಲ್ಲಿ ಇಟಲಿಯ ವೆರೋನಾಕ್ಕೆ ಹೋಗುವ ಪ್ರವಾಸಕ್ಕೆ ಮುಂಗಡ ಕೊಟ್ಟಿದ್ದೀರಿ. ಆ ಪ್ರವಾಸವನ್ನು ನಿಲ್ಲಿಸುತ್ತಿದ್ದೇವೆ. ಬದಲಿಗೆ ಅಕ್ಟೋಬರ್‌ನಲ್ಲಿ ಇಟಲಿಯದೇ ಪಾರ್ಮಾ ಊರಿಗೆ, ಒಪೆರಾಗಳಿಗೆ ಸಂಗೀತ ರಚಿಸಿದ ವೆರ್ಡಿಯವರ ಹೆಸರಿನ ಉತ್ಸವಕ್ಕೆ ಹೋಗೋಣ.

ವೆರೋನಾ ದೊಡ್ಡ ಜಾಗವೇ. ಎರಡು ಸಾವಿರ ವರ್ಷದಷ್ಟು ಹಳೆಯ ರೋಮನ್ ಬಯಲು ರಂಗ. ವೆರ್ಡಿ ಹುಟ್ಟಿ ನೂರು ವರ್ಷವಾಯಿತೆಂದು 1913ರಲ್ಲಿ ಅಲ್ಲಿ ಅವರ ‘ಐದಾ’ ಒಪೆರಾ ಆಡಿದರು. ವೆರೋನಾದ ಒಪೆರಾ ಉತ್ಸವ ಶುರುವಾದದ್ದು ಹಾಗೆ. ಹೆಸರಾಂತ ಒಪೆರಾ ಗಾಯಕಿ ಮರಿಯಾ ಕಲಾಸ್ ಇಟಲಿಯಲ್ಲಿ ಮೊದಲು ಹಾಡಿದ್ದೂ ಅಲ್ಲೇ, 1947ರಲ್ಲಿ.

ತಪ್ಪಾಗಿದ್ದು ನಮ್ಮಿಂದ. ಹಿಂದಿನ ವೆರೋನಾ ಪ್ರವಾಸದಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಮೇಲಿನ ಕಲ್ಲು ಮೆಟ್ಟಿಲುಗಳ ಟಿಕೆಟ್ ತೆಗೆದೆವು. ಹಗಲೆಲ್ಲ ಕಾದ ಕಲ್ಲು ರಾತ್ರಿ ಒಂಬತ್ತಕ್ಕೂ ಬಿಸಿ. ಆಟ ಮುಗಿಯುವಾಗ ನಡುರಾತ್ರಿ. ಮಂಡಿ ನೋವಿದ್ದ ಹಿರಿಯರಿಗೆ ತುಂಬಾ ಕಷ್ಟವಾಯಿತು, ಕ್ಷಮಿಸಿ. “ಸೆಟ್ ಚೆನ್ನಾಗಿತ್ತು, ಹಾಡುವವರ ಮುಖವೇ ಕಾಣಲಿಲ್ಲ” ಎಂದು ಒಬ್ಬರು ಹೇಳಿದ್ದು ನಮ್ಮನ್ನು ಜಾಸ್ತಿ ಕಾಡಿತು. ಹಾಡು ಕೇಳಲೆಂದೇ ಅಷ್ಟು ದೂರ ಹೋಗಿದ್ದು, ಅಲ್ವಾ?

ಪಾರ್ಮಾದ ತಿಯಾತ್ರೊ ರೆಜಿಯೊ 1829ರ ರಂಗಮಂದಿರ. ಕುದುರೆ ಲಾಳದ ಆಕಾರ, ಒಂದರ ಮೇಲೊಂದು ಬಾಲ್ಕನಿ. ಗಾಯಕರಿಗೆ ಮೈಕ್ ಇಲ್ಲ. ಅಷ್ಟೊಂದು ವಾದ್ಯಗಳನ್ನು ದಾಟಿ ಒಬ್ಬರ ಗಂಟಲು ನಮ್ಮ ತನಕ ಬರುತ್ತದೆ. ಎಲ್ಲಕ್ಕಿಂತ ಮೇಲಿನ ಬಾಲ್ಕನಿಗೆ ‘ಲೊಜ್ಜೋನೆ’ ಅನ್ನುತ್ತಾರೆ. ಅಲ್ಲಿ ಕೂರುವವರಿಗೆ ವೆರ್ಡಿಯ ಹಾಡುಗಳೆಲ್ಲ ಬಾಯಿಪಾಠ. ಸ್ವರ ಜಾರಿದರೆ ಎಷ್ಟೇ ಹೆಸರಾಂತ ಗಾಯಕರಾದರೂ ಬಿಡುವುದಿಲ್ಲ, ಕೂಗಿಬಿಡುತ್ತಾರೆ. ಮೆಚ್ಚಿದರೆ ‘ಬಿಸ್, ಬಿಸ್’ ಅನ್ನುತ್ತಾರೆ. ನಮ್ಮ ಕಂಪನಿ ನಾಟಕಗಳ ‘ಒನ್ಸ್ ಮೋರ್’ ನೆನಪಿದೆಯಾ? ಅದೇ.

ಒಂದು ದಿನ ವೆರ್ಡಿ ಹುಟ್ಟಿದ ರೊಂಕೋಲೆ ಹಳ್ಳಿಗೂ ಪಕ್ಕದ ಬುಸ್ಸೆತೊಗೂ ಹೋಗುತ್ತೇವೆ. ಬುಸ್ಸೆತೊದಲ್ಲಿ ಅವರ ಹೆಸರಿನದೇ ಪುಟ್ಟ ರಂಗಮಂದಿರವಿದೆ, ಸುಮಾರು 300 ಸೀಟು. 1868ರಲ್ಲಿ ಅದು ತೆರೆದಾಗ ವೆರ್ಡಿ ಬರಲೇ ಇಲ್ಲ!

ದರ ಹಳೆಯದೇ. ಹಾಡುವವರ ಹೆಸರು ಪ್ರಕಟವಾದ ಕೂಡಲೇ ತಿಳಿಸುತ್ತೇವೆ. ಗಂಟಲು ಕೆಟ್ಟರೆ ಕೊನೆ ಗಳಿಗೆಯಲ್ಲಿ ಬೇರೆಯವರು ಹಾಡಬಹುದು, ಅದು ಯಾರ ಕೈಯಲ್ಲೂ ಇಲ್ಲ. ಕಥೆಯನ್ನು ಕನ್ನಡದಲ್ಲಿ ಬರೆದು ಮೊದಲೇ ಕಳಿಸುತ್ತೇವೆ.

ಸಸ್ಯಾಹಾರಿಗಳಿಗೊಂದು ಮಾತು. ಪಾರ್ಮಾದ ಹೆಸರುವಾಸಿ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನಿಮ್ಮ ಊಟದಲ್ಲಿ ಅದು ಇರದಂತೆ ನೋಡಿಕೊಳ್ಳುತ್ತೇವೆ.

ಅಕ್ಟೋಬರ್ ಆಗದಿದ್ದರೆ ಈ ತಿಂಗಳೊಳಗೆ ಒಂದು ಫೋನ್ ಮಾಡಿ. ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ.

ನಿಮ್ಮ ಪ್ರವಾಸ ಬಳಗ